ಹಣ್ಣಾಗದ ಸಿಗಡಿ

ಹೊಳೆಗೆ ಇಳಿಯುವ ಮುಂಚೆ ಪಂಚಾಕ್ಷರಪ್ಪ ಕೊರಳಿನ ಲಿಂಗದ ಕರಡಿಗೆಯನ್ನು ಅಂಗಿಯೊಳಗೇ ಜರುಗಿಸಿ ಬೆನ್ನಿನ ಮೇಲಕ್ಕೆ ತಂದುಕೊಂಡ. ಬಗ್ಗಿದಾಗ ಬೆಳ್ಳಿ ಕರಡಿಗೆ ಮುಂದಕ್ಕೆ ತೂಗಾಡಿ ನೀರಿಗೆ ತಾಗುತ್ತದೆ, ಅದಕ್ಕೇ ಎಂದು ತನಗೆ ತಾನೇ ಹೇಳಿಕೊಂಡು ಎರಡು ವರ್ಷವಾಗಿತ್ತು; ಹೇಳಿಕೊಂಡದ್ದನ್ನು ನಂಬಿಯೂ ಆಗಿತ್ತು. ಗೋವಿನಕೋವಿಯ ಕೆಳಗೆ ತುಂಗಭದ್ರೆ ಚಪ್ಪಟೆ ಬಂಡೆಗಳ ಸಾಲೊಂದನ್ನು ಬಳಸಿಕೊಂಡು ಹೋಗುವ ಕಡೆ, ನೀರು ಮೊಣಕಾಲಿನ ಮೇಲೆ ಬರದ ಜಾಗದಲ್ಲಿ, ಅವನದು ಅಂತ ಒಂದು ಕಲ್ಲಿತ್ತು. ಮಳೆಗಾಲದ ರಾಡಿ ಇಳಿದು ನೀರು ತಿಳಿಯಾಗಿತ್ತು. ಶೇಂಗಾ ಹಿಂಡಿಗೆ ತೌಡು ಸೇರಿಸಿ ಕಲಸಿ, ನಡುವೆ ಒಂದು ಕಲ್ಲಿಟ್ಟು, ಹಳೇ ಪಂಚೆಯ ಚೂರಿನಲ್ಲಿ ಕಟ್ಟಿದ್ದ ಉಂಡೆಯನ್ನು ದಾರದ ತುದಿಗೆ ಬಿಗಿದು ಬಂಡೆಯ ಬುಡಕ್ಕೆ ಇಳಿಬಿಟ್ಟ. ಭಾನುವಾರ, ನ್ಯಾಮತಿಯ ಅಡಿಕೆ ಮಂಡಿಗೆ ರಜೆ. ಉಳಿದ ದಿನ ಇಲ್ಲಿಗೆ ಬರುವುದು ಕಾಲು ನೆನೆಸುವುದಕ್ಕೆ, ಸಕ್ಕರೆ ಕಾಯಿಲೆಯ ಡಾಕ್ಟರು ನಡೆಯಲು ಹೇಳಿದ್ದಕ್ಕೆ. ಇವತ್ತು ಬಂದದ್ದು ಒಯ್ಯುವುದಕ್ಕೆ. ಬಂಡೆಯ ಮೇಲೆ ಮುಚ್ಚಳವಿರುವ ಹಾಲಿನ ಕ್ಯಾನು ಕಾಯುತ್ತಿತ್ತು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮೂರೂ ತಾಲ್ಲೂಕಿನ ಮಾಲು ಕೈಮೇಲೆ ಹಾಯ್ದ ಮನುಷ್ಯ ತಾನು, ಕಣ್ಣಿಟ್ಟರೆ ಸಾಕು ಒಳ್ಳೆಯದು ಯಾವುದು ಅಂತ ತಿಳಿಯುತ್ತದೆ, ಮಧ್ಯಾಹ್ನದೊಳಗೆ ಮಗಳ ಮುಂದೆ ಇಟ್ಟೇ ಇಡುತ್ತೇನೆ ಅಂದುಕೊಂಡ. ಅನುಮಾನ ಎನ್ನುವುದು ಅವನ ಹತ್ತಿರ ಸುಳಿದಿರಲಿಲ್ಲ.

ಮಗಳು ಕಲ್ಪನಾ ಹಿಂದಿನ ಸಂಜೆ ಸಾಸ್ವೆಹಳ್ಳಿಯಿಂದ ಫೋನು ಮಾಡಿದ್ದಳು. "ಅಪ್ಪಾಜಿ, ಒಂದು ಆಸೆ ಆಗೈತೆ. ಬೈಬಾರ್ದು." ಹೇಳವ್ವ ಅಂದ. "ಹೊಳೆ ಸಿಗಡಿ ತಿನ್ಬೇಕು ಅನ್ಸುತ್ತೆ." ಅವನಿಗೆ ಮೊದಲು ಕೇಳಿಸಿದ್ದು ಅವಳ ಹಿಂದೆ ಎಲ್ಲೋ ಕೂಗುತ್ತಿದ್ದ ಕೋಳಿ. "ಅತ್ತೆಗೆ ಹೇಳಿದ್ರೆ ಈಗಿಂದೀಗ್ಲೇ ತರಿಸ್ತಾರೆ. ಅವರ ಮನೇಲಿ ಅದೇನು ದೊಡ್ಡದಲ್ಲ. ಆದ್ರೆ ಬಸುರಿ ಬಯಕೆ ತವರಿಂದಾನೇ ಬರ್ಬೇಕಲ್ವಾ ಅಪ್ಪಾಜಿ?" ಹೌದು, ಬಯಕೆಯ ಬುತ್ತಿ ತವರಿನದೇ. ಅವನ ತಾಯಿ ಅವನ ಅಕ್ಕಂದಿರಿಗೆ ಕಟ್ಟಿಕೊಂಡು ಹೋಗುತ್ತಿದ್ದಳು, ಚಿತ್ರಾನ್ನ, ಹೋಳಿಗೆ, ಹುಣಸೆಕಾಯಿ ಚಟ್ನಿ, ಒಬ್ಬಳಿಗೆ ಸುಟ್ಟ ಗೆಣಸು, ಮತ್ತೊಬ್ಬಳಿಗೆ ಯಾಕೋ ಹೊಸ ಮಡಕೆಯ ಚೂರು. ಲಿಂಗ ಕಟ್ಟಿದ ಮನೆಯಿಂದ ಸಿಗಡಿ ಹೋದದ್ದನ್ನು ಮಾತ್ರ ಅವನು ಕಂಡಿರಲಿಲ್ಲ. "ಅದಕ್ಕೇನಂತೆ, ನಾಳೆ ತರ್ತೀನಿ" ಅಂದಿದ್ದ, ಮಂಡಿಯಲ್ಲಿ ದರ ಮುರಿಯುವಾಗಿನ ಅದೇ ದನಿಯಲ್ಲಿ. ಅದನ್ನು ಹೇಳಿದಾಗ ಎದೆ ಉಬ್ಬಿತ್ತು. ಫೋನು ಇಟ್ಟ ಮೇಲೆ ಹೊಳೆಯಿತು: ತನ್ನ ಅಪ್ಪನಿಗೆ ಸಿಗಡಿ ಹಿಡಿಯಲು ಬರುತ್ತದೆ ಅಂತ ಇವಳಿಗೆ ಹೇಳಿದವರು ಯಾರು? ನ್ಯಾಮತಿಯ ಮನೆಯಲ್ಲಿ ಆ ವಿಷಯ ಯಾರಿಗೂ ಗೊತ್ತಿಲ್ಲ.

ದಾರ ಅಲುಗಿತು. ಅಲುಗುವುದು ಅಂದರೆ ಎಳೆತವಲ್ಲ. ಮಣಿಕಟ್ಟಿನ ನಾಡಿಯನ್ನು ಬೆರಳಲ್ಲಿ ಒತ್ತಿ ಹಿಡಿದರೆ ಬರುತ್ತದಲ್ಲ, ಅಷ್ಟೇ. ಎರಡು ವರ್ಷದ ಹಿಂದೆ ಗೂಡ್ಸ್ ಆಟೋದ ತಿಪ್ಪೇಶ್ ಇದೇ ಕಲ್ಲಿನ ಮೇಲೆ ಕೂತು, "ಹಿಡೀರಿ ಸಾವ್ಕಾರ್ರೇ, ಬೀಡಿ ಹಚ್ಕಂತೀನಿ" ಅಂತ ದಾರವನ್ನು ಇವನ ಕೈಗೆ ಕೊಟ್ಟಾಗ ಆ ಮಿಡಿತ ಮೊದಲ ಸಲ ಬೆರಳಿಗೆ ಬಂದಿತ್ತು. ಐವತ್ತು ದಾಟಿದ ಗಂಡಸಿನ ಕೈಗೆ ಹಾಗೆ ಹೊಸದಾಗಿ ಏನಾದರೂ ಸಿಗುವುದು ಕಡಿಮೆ. ಈಗ ಉಸಿರು ಹಿಡಿದು ದಾರವನ್ನು ಮೇಲಕ್ಕೆ, ನೀರಿಗೂ ಗೊತ್ತಾಗದ ಹಾಗೆ, ತಂದ. ಉಂಡೆಗೆ ತಬ್ಬಿಕೊಂಡು ಬಂದದ್ದು ದೊಡ್ಡದೇ. ಸಿಗಡಿ ಹೆದರಿದರೆ ಮುಂದಕ್ಕೆ ಓಡುವುದಿಲ್ಲ, ಹಿಂದಕ್ಕೆ ಹಾರುತ್ತದೆ. ಅದಕ್ಕೇ ತಂತಿಯ ಬಳೆಗೆ ಸೊಳ್ಳೆಪರದೆ ಹೊಲಿದ ಕೈಬಲೆಯನ್ನು ಬಾಲದ ಕಡೆಯಿಂದ ಜಾರಿಸಿದ. ಅದು ತಾನಾಗಿಯೇ ಬಲೆಯೊಳಕ್ಕೆ ಹಾರಿತು. ಅಂಗೈಯಲ್ಲಿಟ್ಟು ಬೆಳಕಿಗೆ ಹಿಡಿದ. ಗೇಣುದ್ದ. ಕಡ್ಡಿಯಂಥ ಎರಡು ಉದ್ದ ಕೈ, ಅದರಲ್ಲಿ ಒಂದಿಷ್ಟು ನೀಲಿ. ಮೈ ಮಾತ್ರ ಬೂದಿ, ಬೂದಿಯೊಳಗೆ ಹಸಿರು, ಆಚೆಯ ಅಂಗೈಗೆರೆ ಈಚೆಗೆ ಕಾಣುವಷ್ಟು ಪಾರದರ್ಶಕ. ಹಣ್ಣಾಗಿಲ್ಲ, ಅಂದುಕೊಂಡು ನೀರಿಗೆ ಬಿಟ್ಟ.

ಕೆಂಪಾಗಬೇಕು. ಅದು ಅವನಿಗೆ ಗೊತ್ತಿತ್ತು, ಹೇಗೆ ಗೊತ್ತು ಅಂದರೆ ಶಿವಮೊಗ್ಗದ ದಾರಿಯ ಹೋಟೆಲಿನ ದೊಡ್ಡ ಬೋರ್ಡಿನಿಂದ. ಅದರ ಮೇಲೆ ತಟ್ಟೆ ತುಂಬ ಬಾಗಿಕೊಂಡ ಕೆಂಪು ಸಿಗಡಿಗಳು, ಹಣ್ಣು ಮೆಣಸಿನಕಾಯಿಯ ಕೆಂಪು. ಬಸ್ಸಿನಲ್ಲಿ ಹೋಗುವಾಗ ಮನೆಯವರೆಲ್ಲ ಬೋರ್ಡಿನಿಂದ ಮುಖ ತಿರುಗಿಸುತ್ತಿದ್ದಾಗ ಇವನು ಓರೆಗಣ್ಣಲ್ಲಿ ನೋಡಿದ್ದ. ಎಲ್ಲ ಪದಾರ್ಥಕ್ಕೂ ಒಂದು ಹಸಿ, ಒಂದು ಬಲಿತದ್ದು, ಒಂದು ಹಣ್ಣು ಇರುತ್ತದೆ. ಬೂದಿ ಬಣ್ಣದವು ಇನ್ನೂ ಎಳೆಯವು, ತಿಪ್ಪೇಶನಂಥವರು ಹಸಿವಿಗೆ ಅವನ್ನೇ ಒಯ್ಯುತ್ತಾರೆ, ಅಷ್ಟೆ. ಆಳದ ಕಲ್ಲುಗಳ ಸಂದಿಯಲ್ಲಿ ವಯಸ್ಸಾದ, ಮಾಗಿದ, ಕೆಂಪನೆಯವು ಇರುತ್ತವೆ, ತಾಳ್ಮೆ ಇದ್ದವನಿಗೆ ಅವು ಸಿಗುತ್ತವೆ. ಹೋದ ವರ್ಷ ಒಂದು ಮುಸ್ಸಂಜೆ ಒಂದನ್ನು ಕಂಡೂ ಇದ್ದ. ಬಲೆ ಹಾಕುವಷ್ಟರಲ್ಲಿ ಅದು ಯಾವುದೋ ಬಿಸ್ಕತ್ತಿನ ಕಾಗದವಾಗಿ ತೇಲಿ ಹೋಯಿತು, ಆದರೂ ಆ ಒಂದು ಕ್ಷಣದ ನಂಬಿಕೆ ಹೋಗಿರಲಿಲ್ಲ. ಯಾರನ್ನಾದರೂ ಕೇಳಬಹುದಿತ್ತು. ಕೇಳುವುದೆಂದರೆ ಅದರಲ್ಲಿ ತನಗೆ ಆಸಕ್ತಿಯಿದೆ ಅಂತ ಒಪ್ಪಿಕೊಂಡ ಹಾಗೆ. ಹಿಡಿಯುವುದು ಒಂದು ಮಾತು, ವಿಚಾರಿಸುವುದು ಇನ್ನೊಂದು ಮಾತು. ಅದೂ ಅಲ್ಲದೆ ಮೂವತ್ತು ವರ್ಷ ಮಾಲಿನ ಬಣ್ಣ ನೋಡಿ ಬೆಲೆ ಕಟ್ಟಿದವನು, ಬಣ್ಣದ ವಿಷಯದಲ್ಲಿ ಇನ್ನೊಬ್ಬರನ್ನು ಕೇಳುವುದೇ?

"ಬಿಟ್ರಾ? ಬಿಟ್ರಿ ಬಿಡ್ರಿ. ನಾನು ನೋಡ್ದೆ." ತಿಪ್ಪೇಶ್ ಏರಿಯ ಮೇಲೆ ಆಟೋ ನಿಲ್ಲಿಸಿ, ಲುಂಗಿ ಮೇಲೆತ್ತಿ ಕಟ್ಟಿಕೊಂಡು ಇಳಿದು ಬರುತ್ತಿದ್ದ. "ಅಂಥಾ ಮಾಲು! ಅದೊಂದ್ರಾಗೆ ಒಬ್ಬ ಗಂಡಸು ಮುದ್ದೆ ಉಣ್ತಾನೆ."

"ಇರ್ಲಿ ಬಿಡೋ. ಬದುಕ್ಲಿ."

"ಅದೇ ಅಂತೀನಿ, ನಿಮ್ಮಂಥೋರು ಇನ್ನೊಬ್ರಿಲ್ಲ. ನಾವು ಹಿಡಿಯೋದು ಹೊಟ್ಟೆಗೆ. ನೀವು ಹಿಡಿದು, ಮಕ ನೋಡಿ, ಮಾತಾಡ್ಸಿ ಬಿಡ್ತೀರಿ. ಪುಣ್ಯಾತ್ಮರು. ಮೊನ್ನೆ ಹೊನ್ನಾಳಿ ಸಂತೇಲೂ ಹೇಳ್ದೆ."

ಪಂಚಾಕ್ಷರಪ್ಪ ದಾರವನ್ನು ಮತ್ತೆ ಇಳಿಬಿಟ್ಟು ನೀರನ್ನೇ ನೋಡಿದ. ಈ ಮಾತು ಮೊದಲ ಸಲ ಬಂದಾಗ ತಡೆಯಬಹುದಿತ್ತು. ಆಗ ಬಾಯಿ ತುಂಬ ಎಲೆ ಅಡಿಕೆ ಇತ್ತು, ಉಗುಳಿ ಬರುವಷ್ಟರಲ್ಲಿ ಮಾತು ಮುಂದೆ ಹೋಗಿತ್ತು. ಆಮೇಲೆ ಅದು ತಾನಾಗಿ ಬೆಳೆಯಿತು. ಕಳೆದ ಶ್ರಾವಣದಲ್ಲಿ ಮಂಡಿಗೆ ಬಂದಿದ್ದ ಅಡಿಕೆ ಬೆಳೆಗಾರ ಪ್ರಸನ್ನಕುಮಾರ್, ತೂಕದ ಹುಡುಗರೆಲ್ಲರ ಎದುರಿಗೆ, "ಹಿಡಿಯೋ ಶಕ್ತಿ ಇದ್ದೂ ಬಿಡೋದೈತಲ್ಲ, ಅದು ದೊಡ್ಡ ಗುಣ ಅಣ್ಣಾರೆ" ಅಂದಿದ್ದ. ಪಂಚಾಕ್ಷರಪ್ಪ ಕಣ್ಣು ಅರ್ಧ ಮುಚ್ಚಿ ನಕ್ಕಿದ್ದ, ಪಟಗಳಲ್ಲಿ ಶರಣರು ನಗುವ ಹಾಗೆ. ರಾತ್ರಿ ಕನ್ನಡಿಯ ಮುಂದೆ ಆ ನಗುವನ್ನು ಇನ್ನೊಂದು ಸಲ ನಕ್ಕು ನೋಡಿ ನಾಚಿಕೆಯಾಗಿತ್ತು. ದಯೆ ಎಲ್ಲಿ ಬಂತು? ಎಳೆಯ ಮಾಲು ಬೇಡ, ಮಾಗಿದ್ದು ಬರಲಿ ಅಂತ ವಾಪಸು ಕಳಿಸುವ ವ್ಯಾಪಾರಿ ಬುದ್ಧಿ. ಕಲ್ಪನಾಳಿಗೆ ಗಂಡು ನೋಡುವಾಗಲೂ ಹಾಗೇ ಅಲ್ಲವೇ, ಒಂದೊಂದನ್ನೇ ಬೆಳಕಿಗೆ ಹಿಡಿದು, ಇದು ಇನ್ನೂ ಹಸಿ, ಇದರ ಬಣ್ಣ ಸರಿಯಿಲ್ಲ ಅಂತ ಬಿಟ್ಟದ್ದು. ಕೊನೆಗೆ ಅವಳೇ ಸಾಸ್ವೆಹಳ್ಳಿಯ ಓಂಕಾರನನ್ನು ಕರಕೊಂಡು ಬಂದು ಎದುರಿಗೆ ನಿಲ್ಲಿಸಿದಳು. ಬೇರೆ ಜನ, ಮೀನು ಮಾಂಸ ತಿನ್ನುವ ಮನೆ. ಪಂಚಾಕ್ಷರಪ್ಪ ಒಂದೇ ದಿನದಲ್ಲಿ ಒಪ್ಪಿದ್ದ. ಆ ಒಪ್ಪಿಗೆಯ ಬಗ್ಗೆಯೂ ಜನ ದೊಡ್ಡ ಗುಣ ಅಂದಿದ್ದರು. ಆಗಲೂ ಅದೇ ನಗು.

ದೊಡ್ಡ ಗುಣ ಇದ್ದವನು ಬೀಗರ ಮನೆಯ ಪಡಸಾಲೆಯಲ್ಲಿ, ತನಗೆಂದೇ ಅವರು ಹೊಸದಾಗಿ ತಂದಿಟ್ಟ ಲೋಟದಲ್ಲಿ ಟೀ ಕುಡಿಯುತ್ತಿದ್ದ. ಕಲ್ಪನಾಳ ಅತ್ತೆ ಚೌಡಮ್ಮ ಅದನ್ನು ಬೇರೆ ಗೂಡಿನಲ್ಲಿ ಬಟ್ಟೆ ಸುತ್ತಿ ಇಟ್ಟಿದ್ದಳು. "ನಿಮ್ದು ಬ್ಯಾರೇನೇ ಐತ್ರಿ ಬೀಗ್ರೇ, ನಮ್ದು ಯಾವ್ದೂ ತಾಕ್ಸಿಲ್ಲ" ಅಂತ ಪ್ರತಿ ಸಲ ಹೇಳುತ್ತಿದ್ದಳು, ಇವನು ಪ್ರತಿ ಸಲ ಒಳ್ಳೆಯದಾಯಿತು ಅನ್ನುವಂತೆ ತಲೆ ಆಡಿಸುತ್ತಿದ್ದ. ಯುಗಾದಿ ಕಳೆದ ಮೇಲೆ ಒಂದು ದಿನ ಹೇಳದೆ ಕೇಳದೆ ಹೋಗಿದ್ದ. ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಮೂಗಿಗೆ ತಿಳಿಯಿತು. ಕಲ್ಪನಾ ನಡುಮನೆಯಲ್ಲಿ ಊಟಕ್ಕೆ ಕೂತಿದ್ದಳು. ಅಪ್ಪನ ಕೆಮ್ಮು ಕೇಳಿದ್ದೇ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಕವುಚಿ, ಕಾಲಿನಿಂದ ಅದನ್ನು ಮಂಚದ ಕೆಳಕ್ಕೆ ದೂಡಿದಳು. ಕಾಲಿನಿಂದ. ಅನ್ನದ ತಟ್ಟೆಯನ್ನು. ಚಿಕ್ಕವಳಿದ್ದಾಗ ಒಂದು ಅಗುಳು ಕೆಳಗೆ ಬಿದ್ದರೂ ಎತ್ತಿ ಕಣ್ಣಿಗೊತ್ತಿಕೊಳ್ಳಲು ಕಲಿಸಿದ್ದ ಮಗಳು. ಇವನು ಅದನ್ನು ಕಂಡ, ಕಂಡವನು ಗೋಡೆಯ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ ಯಾವತ್ತು ಅಂತ ಹುಡುಕಲು ಶುರುಮಾಡಿದ. "ಯಾವಾಗ ಬಂದ್ರಿ ಅಪ್ಪಾಜಿ" ಅಂತ ಅವಳು ಎಂಜಲು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ನಿಂತಿದ್ದಳು. ತನ್ನ ಮನೆಯಲ್ಲಿ, ತನ್ನ ಊಟವನ್ನು, ತನ್ನ ಅಪ್ಪನಿಂದ ಬಚ್ಚಿಟ್ಟವಳು ನಿನ್ನೆ ಬಾಯಿಬಿಟ್ಟು ಕೇಳಿದ್ದಳು. ಇವತ್ತು ಬರಿಗೈಯಲ್ಲಿ ಹೋದರೆ, ಇಲ್ಲಾ ಹೋಗದೆ ಉಳಿದರೆ, ಆ ತಟ್ಟೆ ಹೆರಿಗೆ ಆಗಿ ಮಗು ದೊಡ್ಡದಾಗುವ ತನಕವೂ ಮಂಚದ ಕೆಳಗೇ ಇರುತ್ತದೆ ಅನ್ನಿಸಿತು.

ದಾರ ಮತ್ತೆ ಮಿಡಿಯಿತು. ಇನ್ನೊಂದು ದೊಡ್ಡದು, ಅದೂ ಬೂದಿ. ಅದರ ಬೆನ್ನ ಹಿಂದೆ ಇನ್ನೂ ಒಂದು. ಬಿಟ್ಟ. ಜಾಗ ಬದಲಾಯಿಸಿ ಆಚೆಯ ಬಂಡೆಗೆ ಹೋದ, ಅಲ್ಲಿ ಸಿಕ್ಕಿದ್ದು ಬೆರಳುದ್ದದ್ದು, ಬಿಟ್ಟ. ಬಿಸಿಲು ದಡದ ಮುತ್ತುಗದ ಗಿಡ ಇಳಿದು ನೀರಿನೊಳಕ್ಕೆ ಕಾಲಿಟ್ಟಿತು. ಬೆಳಕು ಬಿದ್ದ ಕಡೆ ಸಿಗಡಿ ಇರುವುದಿಲ್ಲ, ಕಲ್ಲಿನ ಅಡಿ ಸೇರುತ್ತದೆ. ದಾರ ಸತ್ತ ಹಾಗೆ ಬಿದ್ದಿತ್ತು. ಕೆಂಪು ಎಲ್ಲೂ ಇರಲಿಲ್ಲ, ತಿಪ್ಪೇಶನ ಪ್ಲಾಸ್ಟಿಕ್ ಬಕೆಟ್ಟು ಬಿಟ್ಟರೆ. ಕೊನೆಗೆ ಹೆಂಡತಿಗೆ ಫೋನು ಮಾಡಿದ. ಕೈ ಒದ್ದೆ, ಹಿಂಡಿಯ ಜಿಡ್ಡು ಬೇರೆ. ಫೋನನ್ನು ಬಂಡೆಯ ಮೇಲಿಟ್ಟು ಸ್ಪೀಕರ್ ಒತ್ತಿದ.

"ಪ್ರಮೀಳಾ, ಮಧ್ಯಾಹ್ನ ಊಟಕ್ಕೆ ಮನೆಗೇ ಬರ್ತೀನಿ. ಕಲ್ಪನಾ ಊರಿಗೆ ಹೋಗೋದು ಇವತ್ತು ಆಗಲ್ಲ."

"ಯಾಕ್ರೀ? ಸಿಗಡಿ ಸಿಗ್ಲಿಲ್ವಾ?"

ಪಂಚಾಕ್ಷರಪ್ಪ ಫೋನನ್ನೇ ನೋಡಿದ. ಅದರ ಗಾಜಿನ ಮೇಲೆ ಒಂದು ಹನಿ ನೀರು ಕೂತಿತ್ತು.

"ಸಿಗ್ತಾವೆ. ಸಿಗ್ದೆ ಏನು. ಎಲ್ಲಾ ಹಸೀವು. ಕೆಂಪಾಗಿದ್ದು ಒಂದೂ ಇಲ್ಲ."

ಆ ಕಡೆ ಕುಕ್ಕರು ಒಂದು ಸಲ ಕೂಗಿತು. "ಏನಂದ್ರಿ?"

"ಕೆಂಪಾಗಿಲ್ಲ ಅಂದೆ ಕಣೆ. ಬೂದಿ ಬೂದಿ ಅದಾವೆ. ಇಂಥವ್ನ ತಗಂಡು ಹೋಗಿ ಬಸುರಿ ಹೆಂಗ್ಸಿಗೆ ಕೊಡಾಕಾಗುತ್ತಾ? ಹೊಟ್ಟೆ ಕೆಡಲ್ವಾ?"

"ರೀ," ಪ್ರಮೀಳಾ ನಿಧಾನಕ್ಕೆ, ಮಗುವಿಗೆ ಹೇಳುವ ಹಾಗೆ ಹೇಳಿದಳು, "ಅವು ಹುಟ್ಟಾ ಕೆಂಪಿರಲ್ಲ. ಬೇಯಿಸಿದ್ ಮೇಲೆ ಕೆಂಪಾಗ್ತಾವೆ."

"ನಿಂಗ್ಯಾರು ಹೇಳಿದ್ದು?"

"ಫೋನಾಗೆ ನೋಡೀನಿ. ನಿಮ್ ಮಗಳು ನನ್ ಹತ್ರ ಬಾಯಿಬಿಟ್ಟಾಗಿಂದ ಅದೇ ನೋಡ್ತಿದೀನಿ. ಹೆಂಗೆ ತೊಳೀಬೇಕು, ಬೆನ್ನಾಗಿನ ಕಪ್ಪು ಎಳೆ ಹೆಂಗೆ ತೆಗೀಬೇಕು, ಎಲ್ಲಾ ಬರುತ್ತೆ ನಂಗೆ. ಮುಟ್ಟಾಕೆ ಮಾತ್ರ ಕೈಯಾಗಲ್ಲ. ಹಸಿ ಅಡಿಕೆ ಹಂಡೇಲಿ ಬೆಂದ್ರೆ ಕೆಂಪಾಗಲ್ವಾ? ಆ ಕೆಂಪು ಮಾರೇ ಅಲ್ವಾ ನೀವು ಮನೆ ಕಟ್ಟಿದ್ದು?"

"ಅಂದ್ರೆ ನಾನು ಹೊಳೆಗೆ ಬರೋದು..."

"ನಿಮ್ ಪ್ಯಾಂಟು ಒಗೆಯೋಳು ನಾನಲ್ವಾ? ವಾಕಿಂಗಿಗೆ ಹೋದೋರ ಜೇಬಿನಾಗೆ ಶೇಂಗಾ ಹಿಂಡಿ ಯಾಕ್ರೀ ಇರುತ್ತೆ? ಸೊಳ್ಳೆಪರದೆ ಇಲಿ ಕಡೀತು ಅಂದ್ರಿ. ಯಾವ ಇಲಿ ರೀ ಕತ್ತರಿ ಹಿಡಿಯುತ್ತೆ?" ಅವಳ ದನಿ ನಗುವಿನಿಂದ ಏನೋ ಬೇರೆಯದಕ್ಕೆ ಜಾರಿತು. "ಅಪ್ಪಾಜೀನೇ ಕೇಳು ಅಂತ ಅವಳಿಗೆ ಹೇಳಿದ್ದು ನಾನೇ. ಒಂದು ತಿಂಗ್ಳು ಹೆದರಿದ್ಲು ನಿಮ್ಗೆ. ಹೋಗಿ ಬರ್ರಿ. ಬರಿಗೈಯಾಗೆ ಮಾತ್ರ ಹೋಗಬ್ಯಾಡ್ರಿ."

ಫೋನು ಕತ್ತಲಾಯಿತು. ಹೊಳೆ ಕಲ್ಲಿನ ಸಂದಿಯಲ್ಲಿ ಗುಳುಗುಳು ಅನ್ನುತ್ತಿತ್ತು. ಮನೆಯೊಳಗೆ ತಾನು ಗುಟ್ಟಾಗಿ ಇಟ್ಟುಕೊಂಡಿದ್ದೇನೆ ಅಂದುಕೊಂಡಿದ್ದ ಈ ದಡ, ಈ ಕಲ್ಲು, ಎರಡು ವರ್ಷವೂ ಪ್ರಮೀಳಾಳ ಒಗೆಯುವ ಕಲ್ಲಿನ ಮೇಲೆ ದಿನಾ ಬಿದ್ದಿತ್ತು. ಅವಳು ಅದನ್ನು ಹಿಂಡಿ, ಜಾಡಿಸಿ, ಒಣಗಿಸಿ, ಮಡಚಿ ವಾಪಸು ಕೊಟ್ಟಿದ್ದಳು. ಅವಮಾನ ಆಗಬೇಕಿತ್ತು. ಆಯಿತು ಕೂಡ, ಕಿವಿಯ ತುದಿ ಬಿಸಿಯಾಯಿತು. ಆದರೆ ಅದರ ಹಿಂದೆಯೇ, ಭಾರದ ಮೂಟೆಯ ಒಂದು ಕಡೆಯನ್ನು ಯಾರೋ ಮೊದಲಿಂದಲೂ ಹಿಡಿದುಕೊಂಡಿದ್ದರು ಅಂತ ಈಗ ಗೊತ್ತಾದವನ ಹಾಗೆ ಭುಜ ಸಡಿಲವಾಯಿತು. ತಲೆ ಎತ್ತಿದರೆ ತಿಪ್ಪೇಶ್ ನಡುನೀರಲ್ಲಿ ಬಾಯಿ ತೆರೆದು ನಿಂತಿದ್ದ.

"ಸಾವ್ಕಾರ್ರೇ. ಅಂದ್ರೆ ನೀವು ಇಷ್ಟು ದಿನ ಬಿಟ್ಟಿದ್ದೆಲ್ಲ... ದಯೆ ಅಲ್ವಾ?"

ಈಗಲೂ ಒಂದು ಸುಳ್ಳಿಗೆ ಜಾಗವಿತ್ತು. ತಿಪ್ಪೇಶ್ ಕಣ್ಣಲ್ಲಿ ಅದಕ್ಕಾಗಿ ಕಾಯುತ್ತಲೂ ಇದ್ದ.

"ಅಲ್ಲ ಕಣೋ. ಹಣ್ಣಾಗ್ಲಿ ಅಂತ ಬಿಟ್ಟೆ."

ತಿಪ್ಪೇಶ್ ನಗುವುದಕ್ಕೆ ಮುಂಚೆ ಕೂರಬೇಕಾಯಿತು. ಲುಂಗಿ ಸಮೇತ ನೀರಲ್ಲೇ ಕೂತ. "ಹಣ್ಣಾಗ್ಲಿ ಅಂತ! ಅಯ್ಯೋ ನಮ್ಮಪ್ನೇ! ಕೆಂಪು ಸಿಗಡಿ ಹೊಳೆಯಾಗೆ ಸಿಗಲ್ರಿ, ಒಲೆ ಮ್ಯಾಲೆ ಸಿಗ್ತಾವೆ! ನಿಮ್ ಹೆಸ್ರು ಹೇಳ್ಕಂಡು ಸಂತೆ ಸಂತೆ ತಿರುಗ್ದೆನಲ್ರೀ ನಾನು, ಎಲ್ರ ಕೈಲೂ ಕೈ ಮುಗಿಸ್ದೆ!" ಮೊದಲು ಪಂಚಾಕ್ಷರಪ್ಪ ಮಂಡಿಯ ಮುಖ ಮಾಡಿಕೊಂಡು ನಿಂತ. ಆಮೇಲೆ ಹೊಟ್ಟೆಯೊಳಗಿನಿಂದ ಎಲ್ಲಿಂದಲೋ ಒಂದು ಬಂತು, ಕಣ್ಣು ಅರ್ಧ ಮುಚ್ಚಿದ ನಗುವಲ್ಲ, ಗೊರಗೊರ ಸದ್ದು ಮಾಡುವ, ಎಲೆ ಅಡಿಕೆಯ ಹಲ್ಲೆಲ್ಲ ತೋರಿಸುವ ನಗು. ಇಬ್ಬರೂ ನಕ್ಕು ನಕ್ಕು ಆ ಬಂಡೆಯ ಸುತ್ತ ಉಳಿದಿದ್ದ ಒಂದೆರಡು ಸಿಗಡಿಗಳನ್ನೂ ಓಡಿಸಿಬಿಟ್ಟರು.

"ತಗಳ್ರಿ, ನಂದೇ ಬಕೀಟು ತಗಂಡ್ ಹೋಗ್ರಿ. ಇವತ್ತಿಂದು ಮಗಳಿಗೇ ಆಗ್ಲಿ" ಅಂದ ತಿಪ್ಪೇಶ್, ನಗು ನಿಂತ ಮೇಲೆ.

"ಬ್ಯಾಡ. ಬಯಕೆ ತವರಿಂದು ಆಗ್ಬೇಕು. ನಾನೇ ಹಿಡೀತೀನಿ."

"ಬಿಸ್ಲು ಏರೈತೆ, ದಾರಕ್ಕೆ ಬರಲ್ಲ ಈಗ."

"ಕೈಗೆ ಬರ್ತಾವಲ್ಲ."

ಅಂಗಿಯ ತೋಳು ಮಡಚಿದ, ಪ್ಯಾಂಟು ಮಡಚುವ ಗೋಜಿಗೆ ಹೋಗಲಿಲ್ಲ. ತಿಪ್ಪೇಶ್ ಮೇಲಿನ ಕಡೆಯಿಂದ ಕಲ್ಲುಗಳನ್ನು ಕಾಲಲ್ಲಿ ಅಲುಗಿಸುತ್ತ ಬಂದ, ಪಂಚಾಕ್ಷರಪ್ಪ ಕೆಳಗಡೆ ಬಲೆ ಒಡ್ಡಿ ಕೂತ. ಇಲ್ಲದ ಕೆಂಪನ್ನು ಹುಡುಕುತ್ತ ಎರಡು ವರ್ಷ ನೋಡದೆ ಬಿಟ್ಟಿದ್ದ ಬೂದಿ ಈಗ ಕಣ್ಣಿಗೆ ಬೀಳತೊಡಗಿತು. ಮರಳಿನ ಬೂದಿಯೊಳಗೆ ಇನ್ನೊಂದು ಬೂದಿ ಉಸಿರಾಡುತ್ತದೆ, ಕಲ್ಲಿನ ನೆರಳಲ್ಲಿ ಎರಡು ಮೀಸೆ ಮಾತ್ರ ಹೊರಗೆ ಕಾಣುತ್ತದೆ. ಒಂದು ಹಾರಿತು, ಬಲೆಗೆ ಬಿತ್ತು. ಕ್ಯಾನಿಗೆ ಹಾಕುವಾಗ ಮೊದಲ ಸಲ ಕೈ ತಡೆಯಿತು. ಬಿಡಲಿಕ್ಕೆ ಹಿಡಿಯುವುದಕ್ಕೂ ಕೊಲ್ಲಲಿಕ್ಕೆ ಹಿಡಿಯುವುದಕ್ಕೂ ಅಂಗೈಗೆ ವ್ಯತ್ಯಾಸ ಗೊತ್ತಾಯಿತು. ಅದೇ ಜೀವ, ಅದೇ ಒದೆತ, ಆದರೆ ಬೆರಳು ಮುಚ್ಚಬೇಕು. ಮುಚ್ಚಿದ. ಇದರ ಲೆಕ್ಕ ಇದ್ದರೆ ನನ್ನ ಹೆಸರಿಗೆ ಇರಲಿ, ಅವಳ ಹೆಸರಿಗೆ ಬೇಡ, ಅಂತ ಯಾರಿಗೋ ಹೇಳಿದ. ಕಲ್ಲೊಂದರ ಚೂಪು ಮೊಣಕೈ ಕೆರೆಯಿತು. ಬಿಸಿಲು ನೆತ್ತಿಗೆ ಹತ್ತುವ ಹೊತ್ತಿಗೆ ಒಂದು ಬೊಗಸೆಗೆ ಕಡಿಮೆ ಸಿಕ್ಕಿತ್ತು, ಬೆಳಿಗ್ಗೆ ಬಿಟ್ಟಂಥ ದೊಡ್ಡದು ಅದರಲ್ಲಿ ಒಂದೂ ಇರಲಿಲ್ಲ.

ಏರಿಯ ಮೇಲೆ ನಿಲ್ಲಿಸಿದ್ದ ಸ್ಕೂಟರಿನ ಹಿಡಿಗೆ ಕ್ಯಾನು ತೂಗುಹಾಕಿಕೊಂಡು ಒದ್ದೆ ಪ್ಯಾಂಟಿನಲ್ಲಿ ಹೊರಟ. ಪೆಟ್ರೋಲ್ ಬಂಕಿನಲ್ಲಿ ಅದೇ ಪ್ರಸನ್ನಕುಮಾರ್ ಕಾರು ನಿಲ್ಲಿಸಿಕೊಂಡಿದ್ದ. "ಏನಣ್ಣಾರೆ, ಮಗಳ ಮನೆಗೆ ಹಾಲಾ?" ಪಂಚಾಕ್ಷರಪ್ಪ ಪೆಟ್ರೋಲಿನ ಮುಚ್ಚಳ ತಿರುಗಿಸುತ್ತ, "ಸಿಗಡಿ" ಅಂದ. ಪ್ರಸನ್ನಕುಮಾರ್ ಹೊಟ್ಟೆ ಹಿಡಿದುಕೊಂಡು ನಕ್ಕ. "ನಿಮ್ ತಮಾಷೆ ಒಂದು!" ಅಂದ. ಸತ್ಯವನ್ನು ಇಷ್ಟು ಸಲೀಸಾಗಿ ಹೇಳಿ ಹೋಗಬಹುದು ಅಂತ ಪಂಚಾಕ್ಷರಪ್ಪನಿಗೆ ತಿಳಿದೇ ಇರಲಿಲ್ಲ. ದಾರಿಯುದ್ದಕ್ಕೂ ಕ್ಯಾನಿನೊಳಗೆ ಸಣ್ಣಗೆ ಟಕಟಕ ಅನ್ನುತ್ತಿತ್ತು. ಗುಂಡಿ ಬಂದ ಕಡೆಯೆಲ್ಲ ಅವನು ವೇಗ ಇಳಿಸಿದ, ಕಲ್ಪನಾಳನ್ನು ಶಾಲೆಗೆ ಮುಂದೆ ನಿಲ್ಲಿಸಿಕೊಂಡು ಹೋಗುತ್ತಿದ್ದಾಗ ಇಳಿಸುತ್ತಿದ್ದ ಹಾಗೆ.

ಚೌಡಮ್ಮ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದವಳು ಸೆರಗು ತಲೆಗೆಳೆದುಕೊಂಡು ಎದ್ದಳು. "ಬರ್ರಿ ಬೀಗ್ರೇ, ಒಂದು ಮಾತು ಹೇಳಿ ಬರಬಾರ್ದಾ? ಕಲ್ಪನಾ, ಅಪ್ಪಾಜಿ ಬಂದ್ರು ನೋಡು! ಕುತ್ಕಳ್ರಿ, ನಿಮ್ ಲೋಟ ತೆಗಿತೀನಿ..." ಅಷ್ಟರಲ್ಲಿ ಅವನ ಪ್ಯಾಂಟು ನೋಡಿದಳು. "ಇದೇನ್ರಿ, ಹೊಳೆಗೆ ಬಿದ್ರಾ?"

"ಇಳಿದಿದ್ದೆ. ತಗಳ್ರಿ ಚೌಡಮ್ನೋರೆ. ಮಗಳ ಬಯಕೆ. ತವರಿಂದು."

ಅವಳು ಹಾಲು ಅಂತಲೇ ಮುಚ್ಚಳ ತೆಗೆದಳು. ತೆಗೆದವಳು ಅದನ್ನು ಹಾಗೇ ಹಿಡಿದು ನಿಂತಳು. ಅವಳ ಮುಖದಲ್ಲಿ ಮೊದಲು ಬಂದದ್ದು ಹೆದರಿಕೆ, ತನ್ನ ಮನೆಯ ಯಾವುದೋ ತಪ್ಪು ಬೀಗರ ಕೈಗೆ ಸಿಕ್ಕಿಬಿದ್ದಿದೆ ಅನ್ನುವಂಥದ್ದು. "ಬೀಗ್ರೇ, ನಾವೇನೂ ಇವಳಿಗೆ ಬಲವಂತ ಮಾಡಿಲ್ರಿ. ಆ ತಾಯಿಯಾಣೆ. ಅವಳೇ ಒಂದಿನ..."

"ಗೊತ್ತು. ನಾನೇ ಹಿಡ್ದಿದ್ದು ಇವು. ಬೇಯಿಸಿದ್ರೆ ಕೆಂಪಾಗ್ತಾವೆ" ಅಂದ, ಆ ಮನೆಗೆ ಆ ಸಂಗತಿಯನ್ನು ತಾನೇ ಮೊದಲು ಹೇಳುತ್ತಿರುವವನ ಹಾಗೆ. ಚೌಡಮ್ಮ ಅವನ ಮುಖವನ್ನೂ ಕ್ಯಾನನ್ನೂ ಎರಡೆರಡು ಸಲ ನೋಡಿ, ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ನಗುತ್ತಿದ್ದಳೋ ಅಳುತ್ತಿದ್ದಳೋ ಬೆನ್ನಿನಿಂದ ಗೊತ್ತಾಗಲಿಲ್ಲ. ಬಾಗಿಲಲ್ಲಿ ಕಲ್ಪನಾ ಗೋಡೆ ಹಿಡಿದು ನಿಂತಿದ್ದಳು, ಹೊಟ್ಟೆ ಮುಂದೆ ಬಂದಿತ್ತು, ಕಾಲು ಸ್ವಲ್ಪ ಊದಿತ್ತು. ಅವನ ಮೊಣಕೈಯ ಕೆರೆತವನ್ನು ನೋಡಿ, ಅರಿಶಿನ ತರುತ್ತೇನೆ ಅಂತ ಹೋದಳು.

ಪಡಸಾಲೆಯ ಕುರ್ಚಿ ಅವನಿಗಾಗಿ ಹಾಕಿತ್ತು. ಅವನು ಅದನ್ನು ದಾಟಿ ಅಡುಗೆಮನೆಯ ಬಾಗಿಲ ತನಕ ಹೋಗಿ ಚೌಕಟ್ಟಿಗೆ ಒರಗಿದ. ಬಾಣಲೆಯಲ್ಲಿ ಎಣ್ಣೆ, ಈರುಳ್ಳಿ, ಖಾರದಪುಡಿಯ ಘಾಟು. ಮೂಗು ಅಭ್ಯಾಸದ ಮೇಲೆ ಮುದುರಿಕೊಂಡಿತು, ಅದರ ಪಾಡಿಗೆ ಬಿಟ್ಟ. ಚೌಡಮ್ಮ ತೊಳೆದದ್ದನ್ನು ಸುರಿದಳು. ಬಾಲದ ತುದಿಯಿಂದ ಶುರುವಾಯಿತು, ಗಾಜಿನಂಥ ಮೈಯೊಳಗೆ ಯಾರೋ ದೀಪ ಹಚ್ಚಿಕೊಂಡು ನಡೆದ ಹಾಗೆ ಬೂದಿ ಹಿಂದಕ್ಕೆ ಸರಿಯಿತು, ಕೆಂಪು ಮುಂದಕ್ಕೆ ಬಂತು. ಅವನಿಗೆ ಖುಷಿ ಆಯಿತು. ಆಮೇಲೆ ಆ ಖುಷಿಗೆ ಬೇಸರವೂ ಆಯಿತು. ಎರಡನ್ನೂ ಇಟ್ಟುಕೊಂಡು ನಿಂತ. "ಬೀಗ್ರೇ, ಹೊಗೆ ಬಡಿಯುತ್ತೆ, ಆಚೆ ಕುತ್ಕಳ್ರಿ" ಅಂದಳು ಚೌಡಮ್ಮ. "ಬಡೀಲಿ ಬಿಡ್ರಿ" ಅಂದ.

ಕಲ್ಪನಾ ತಟ್ಟೆ ಹಿಡಿದುಕೊಂಡು ನಡುಮನೆಗೆ ಬಂದು, ಅಪ್ಪನನ್ನು ನೋಡಿ, ಹಿತ್ತಲ ಬಾಗಿಲ ಕಡೆ ತಿರುಗಿದಳು. ಕಾಲು ತಾನಾಗಿ ಆ ಕಡೆ ಹೋಗಿತ್ತು. "ಎಲ್ಲಿಗೆ? ಇಲ್ಲೇ ಕುತ್ಕ" ಅಂದ. ಅವಳು ಕೂತಳು. ಅವನೂ ಎದುರಿಗೆ ನೆಲದ ಮೇಲೆ ಕೂತ, ಒದ್ದೆ ಪ್ಯಾಂಟು ಸಿಮೆಂಟಿಗೆ ಅಂಟಿತು. ಅವಳು ಒಂದನ್ನು ಎತ್ತಿಕೊಂಡಳು, ಸಿಪ್ಪೆ ಬಿಸಿ, ಊದಿದ ಬೆರಳು ಜಾರುತ್ತಿತ್ತು. ತಟ್ಟೆಯಿಂದ ಇನ್ನೊಂದನ್ನು ಪಂಚಾಕ್ಷರಪ್ಪ ತೆಗೆದುಕೊಂಡ. ಹೆಬ್ಬೆರಳಿನ ಉಗುರು ಹೊಟ್ಟೆಯ ಕಡೆಯ ಸಂದಿಗೆ ಹೋಯಿತು, ಒಂದು ತಿರುವು, ಸಿಪ್ಪೆ ಬಿಚ್ಚಿಕೊಂಡಿತು. ಯಾರೂ ಕಲಿಸಿರಲಿಲ್ಲ, ಆದರೂ ಬಂತು. ಬೆಳ್ಳಗಿನ, ಅಂಚಿಗೆ ಕೆಂಪು ಬಳಿದ ತಿರುಳನ್ನು ಅವಳ ತಟ್ಟೆಯ ತುದಿಗಿಟ್ಟ. ಅವಳು ಅಪ್ಪನ ಕೈಯನ್ನು ನೋಡಿದಳು, ಮುಖ ನೋಡಲಿಲ್ಲ, ಬಾಯಿಗೆ ಹಾಕಿಕೊಂಡಳು. ಅಗಿಯುವ ಸದ್ದು ಕೇಳಿಸುತ್ತಿತ್ತು. ಅಡುಗೆಮನೆಯ ಬಾಗಿಲಲ್ಲಿ ಚೌಡಮ್ಮ ಸೌಟು ಹಿಡಿದುಕೊಂಡು ನಿಂತೇ ಇದ್ದಳು. ಅವನು ಸುಲಿಯುತ್ತ ಹೋದ, ಅವಳು ತಿನ್ನುತ್ತ ಹೋದಳು. ಬೇಗನೆ ಮುಗಿದುಹೋಯಿತು.

"ಇಷ್ಟೇನಾ ಅಪ್ಪಾಜಿ?"

ಬಿಟ್ಟ ದೊಡ್ಡವೆಲ್ಲ ಅವನ ಕಣ್ಣ ಮುಂದೆ ಹಿಂದಕ್ಕೆ ಹಾರಿ ಹೋದವು. "ಚೆನ್ನಾಗಿತ್ತಾ?"

"ಹ್ಞೂ. ಕಮ್ಮಿ ಆಯ್ತು."

"ನಾಳೆ ಬೆಳಿಗ್ಗೆ ತರ್ತೀನಿ. ಅದೇ ಜಾಗದಾಗೆ ಗೇಣುದ್ದವು ಅದಾವೆ, ನಂಗೆ ಗೊತ್ತು. ಮಂಡಿಗೆ ತಡವಾಗಿ ಹೋದ್ರಾಯ್ತು."

"ನಾಳೆ ಬ್ಯಾಡ್ರಿ ಬೀಗ್ರೇ" ಅಂದಳು ಚೌಡಮ್ಮ ಬಾಗಿಲಿಂದ, ಮೊದಲ ಸಲ ಸಂಕೋಚ ಬಿಟ್ಟ ದನಿಯಲ್ಲಿ, ತನ್ನ ಮನೆಯ ಯಜಮಾನಿಯಾಗಿ. "ನಾಳೆ ಸೋಮಾರ. ಶಿವನ ವಾರ. ಈ ಮನೇಲಿ ಸೋಮಾರ ಯಾರೂ ಮುಟ್ಟಲ್ಲ."

ಪಂಚಾಕ್ಷರಪ್ಪ ಖಾರ ಹತ್ತಿದ ಎರಡೂ ಕೈಯನ್ನು ಮುಂದಕ್ಕೆ ಹಿಡಿದುಕೊಂಡೇ ಅವಳನ್ನು ನೋಡಿದ. ಕಲ್ಪನಾ ತಲೆ ಬಗ್ಗಿಸಿ ನಗು ತಡೆಯುತ್ತಿದ್ದಳು, ತಡೆಯಲಾಗದೆ ಹೊಟ್ಟೆ ಹಿಡಿದುಕೊಂಡಳು.

"ಮಂಗಳವಾರ ತಿಂತೀರಾ?" ಅಂತ ಕೇಳಿದ.

"ತಿಂತೀವಿ."

"ಹಂಗಾದ್ರೆ ಮಂಗಳವಾರ."